ಗಣಕಯಂತ್ರದ ರಚನೆಯು ವಿಶ್ವವಿದ್ಯಾನಿಲಯದ ಪಾಠವಾದ ಬಗೆ

ಒಂದು ಶಾಸ್ತ್ರದ ಉಗಮವನ್ನು ನಿರ್ಣಯಿಸಲು ಅದರ ಮೊದಲ ಉಪಕರಣವನ್ನು ಅರಸುವುದು ವಾಡಿಕೆ. ಗಣಕಯಂತ್ರದ ಚರಿತ್ರೆಯನ್ನು ಬರೆದವರಲ್ಲಿ ಹಲವರು ಈ ದಾರಿಯನ್ನೇ ಹಿಡಿದು, ಯಾವ ಯಂತ್ರ ಮೊದಲನೆಯದೆಂಬ ವಾದದಲ್ಲಿ ತೊಡಗಿದ್ದಾರೆ. ಆದರೆ ಯಂತ್ರವನ್ನು ಕಟ್ಟುವುದು ಬೇರೆ. ಅದರ ರಚನೆಯನ್ನು ಇತರರಿಗೆ ಬೋಧಿಸಬಲ್ಲ ವಿದ್ಯೆಯನ್ನಾಗಿ ಮಾಡುವುದು ಬೇರೆ. ಈ ಎರಡನೆಯ ಕಾರ್ಯವು 1946ರಿಂದ 1953ರವರೆಗೆ ಎರಡು ವಿಶ್ವವಿದ್ಯಾನಿಲಯಗಳಲ್ಲಿ ನಡೆದ ಬಗೆಯನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯಕ್ಕೆ ಸೇರಿದ ಮೂರ್ ವಿದ್ಯುತ್ ಇಂಜಿನಿಯರಿಂಗ್ ಶಾಲೆಯಲ್ಲಿ ಎಕರ್ಟ್ ಮತ್ತು ಮಾಕ್ಲಿ ಎಂಬವರು ನಿರ್ಮಿಸಿದ 'ಎನಿಯಾಕ್' ಯಂತ್ರವನ್ನು 1946ರ ಫೆಬ್ರವರಿಯಲ್ಲಿ ಲೋಕಕ್ಕೆ ಪರಿಚಯಿಸಲಾಯಿತು. ಅದರಲ್ಲಿ ಸುಮಾರು 18,000 ನಿರ್ವಾತ ನಳಿಗೆಗಳಿದ್ದುವು. ವೇಗದಲ್ಲಿ ಅದಕ್ಕೆ ಸಮಾನವಾದುದು ಆಗ ಇರಲಿಲ್ಲ. ಆದರೆ ಪ್ರತಿಯೊಂದು ಹೊಸ ಲೆಕ್ಕಕ್ಕೂ ತಂತಿಗಳನ್ನು ಬೇರೆಯಾಗಿ ಜೋಡಿಸಿ ಸ್ವಿಚ್ಚುಗಳನ್ನು ತಿರುಗಿಸಬೇಕಾಗಿದ್ದಿತು. ಇದಕ್ಕೆ ಕೆಲವೊಮ್ಮೆ ದಿನಗಳೇ ಹಿಡಿಯುತ್ತಿದ್ದುವು. ಅಂಕಿಗಳನ್ನಿಡುವ ಸ್ಮೃತಿಭಾಗದಲ್ಲಿಯೇ ಆದೇಶಗಳನ್ನೂ ಇಟ್ಟರೆ ಈ ತೊಡಕು ತಪ್ಪುವುದೆಂಬ ತತ್ತ್ವವು, 1945ರ ಜೂನ್ 30ನೆಯ ದಿನಾಂಕವನ್ನು ಹೊತ್ತ 'ಎಡ್‌ವ್ಯಾಕ್' ವರದಿಯಲ್ಲಿ ನಿರೂಪಿತವಾಯಿತು. ಗಣಿತ, ನಿಯಂತ್ರಣ, ಸ್ಮೃತಿ, ಒಳಹರಿವು, ಹೊರಹರಿವು ಎಂದು ಯಂತ್ರದ ಅಂಗಗಳನ್ನು ಅವುಗಳ ಕಾರ್ಯಕ್ಕನುಸಾರವಾಗಿ ವಿಂಗಡಿಸಿದುದು ಈ ವರದಿಯ ವಿಶೇಷ. ಆದರೆ ಅದರ ಮೇಲೆ ಇದ್ದುದು ಫಾನ್ ನಾಯ್ಮನ್ ಅವರ ಹೆಸರೊಂದೇ. ಈ ವಿಚಾರಗಳಲ್ಲಿ ತಮಗೂ ಪಾಲುಂಟೆಂಬುದು ಎಕರ್ಟ್ ಮತ್ತು ಮಾಕ್ಲಿಯವರ ವಾದವಾಗಿದ್ದಿತು. ಪೇಟೆಂಟ್ ಹಕ್ಕಿನ ವಿವಾದದಿಂದಾಗಿ ಅವರಿಬ್ಬರೂ 1946ರ ಮಾರ್ಚಿಯಲ್ಲಿ ಮೂರ್ ಶಾಲೆಯನ್ನು ಬಿಟ್ಟರು.

ಇಂತಹ ಮನಸ್ತಾಪದ ನಡುವೆಯೇ, ಅದೇ ವರ್ಷ ಜುಲೈ 8ರಿಂದ ಆಗಸ್ಟ್ 31ರವರೆಗೆ ಮೂರ್ ಶಾಲೆಯು ಒಂದು ಉಪನ್ಯಾಸಮಾಲೆಯನ್ನು ಏರ್ಪಡಿಸಿತು. ಆಹ್ವಾನಿತ ವಿದ್ಯಾರ್ಥಿಗಳು 28 ಮಂದಿ. ಶಾಲೆಯನ್ನು ತೊರೆದಿದ್ದ ಎಕರ್ಟ್ ಮತ್ತು ಮಾಕ್ಲಿಯವರೂ ಬಂದು ಪಾಠ ಹೇಳಿದರು. ಒಂದು ಶಾಲೆಯ ನಾಲ್ಕು ಗೋಡೆಗಳೊಳಗೆ ಉಳಿದುಬಿಡಬಹುದಾಗಿದ್ದ ವಿದ್ಯೆಯು ಹೀಗೆ ಎಂಟು ವಾರಗಳಲ್ಲಿ ಹಲವು ಸಂಸ್ಥೆಗಳ ಸೊತ್ತಾಯಿತು.

ಈ ವಿದ್ಯಾರ್ಥಿಗಳಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯದ ಮಾರಿಸ್ ವಿಲ್ಕ್ಸ್ ಒಬ್ಬರು. ಅದೇ ಮೇ ತಿಂಗಳಲ್ಲಿ ಎಡ್‌ವ್ಯಾಕ್ ವರದಿಯ ಪ್ರತಿಯೊಂದು ಒಂದು ರಾತ್ರಿಯ ಮಟ್ಟಿಗೆ ಅವರ ಕೈಸೇರಿದಾಗ, ಅವರು ನಿದ್ದೆಗೆಟ್ಟು ಅದನ್ನು ಓದಿ ಮುಗಿಸಿದ್ದರು. ಹಡಗಿನಲ್ಲಿ ಸ್ಥಳ ದೊರೆಯುವುದು ತಡವಾಗಿ, ಫಿಲಡೆಲ್ಫಿಯವನ್ನು ತಲಪುವ ವೇಳೆಗೆ ಪಾಠಗಳ ಬಹುಭಾಗ ಕಳೆದುಹೋಗಿದ್ದಿತು. ಆದಾಗ್ಯೂ ಮರುಪ್ರಯಾಣದಲ್ಲಿ, 'ಕ್ವೀನ್ ಮೇರಿ' ಹಡಗಿನಲ್ಲಿಯೇ, ಅವರು ತಮ್ಮ ಯಂತ್ರದ ರೂಪರೇಖೆಯನ್ನು ಎಳೆಯತೊಡಗಿದರು. ಪಾದರಸ ತುಂಬಿದ ಕೊಳವೆಗಳಲ್ಲಿ ಶಬ್ದತರಂಗಗಳ ರೂಪದಲ್ಲಿ ಅಂಕಿಗಳನ್ನು ಹಿಡಿದಿಡುವ ಆ 'ಎಡ್‌ಸ್ಯಾಕ್' ಯಂತ್ರವು 1949ರ ಮೇ 6ರಂದು ವರ್ಗಸಂಖ್ಯೆಗಳ ಕೋಷ್ಟಕವೊಂದನ್ನು ಲೆಕ್ಕ ಹಾಕಿಕೊಟ್ಟಿತು. ಸ್ಮೃತಿಯಲ್ಲಿಟ್ಟ ಆದೇಶಗಳಿಂದ ನಡೆದ ಯಂತ್ರಗಳಲ್ಲಿ ಇದು ಮೊದಲನೆಯದಲ್ಲ. ಮ್ಯಾಂಚೆಸ್ಟರಿನ ಚಿಕ್ಕ ಪ್ರಯೋಗಯಂತ್ರವು 1948ರ ಜೂನ್ 21ರಂದೇ ಅದನ್ನು ಸಾಧಿಸಿದ್ದಿತು. ಎಡ್‌ಸ್ಯಾಕಿನ ಹಿರಿಮೆ ಇರುವುದು ಬೇರೆಡೆಯಲ್ಲಿ: ಅದು ವಿಶ್ವವಿದ್ಯಾನಿಲಯದ ಇತರ ವಿಭಾಗಗಳ ಸಂಶೋಧಕರಿಗೂ ನಿತ್ಯದ ಉಪಯೋಗಕ್ಕೆ ಒದಗಿತು.

ಬಳಸುವವರು ಹೆಚ್ಚಿದಂತೆ ಬೋಧನೆಯೂ ಅನಿವಾರ್ಯವಾಯಿತು. ವಿಲ್ಕ್ಸ್, ವೀಲರ್ ಮತ್ತು ಗಿಲ್ ಅವರು ಯಂತ್ರಕ್ಕೆ ಆದೇಶಗಳನ್ನು ಬರೆಯುವ ಕ್ರಮವನ್ನು ಕುರಿತು ರಚಿಸಿದ ಗ್ರಂಥವು 1951ರಲ್ಲಿ ಪ್ರಕಟವಾಯಿತು. ಒಂದೊಂದು ಆದೇಶವನ್ನೂ ಸಣ್ಣ ಹೆಜ್ಜೆಗಳಾಗಿ ಒಡೆದು, ಆ ಹೆಜ್ಜೆಗಳನ್ನೇ ಯಂತ್ರದೊಳಗೆ ಬರೆದಿಡುವ ಸೂಕ್ಷ್ಮಕ್ರಮವಿಧಿಯನ್ನು ವಿಲ್ಕ್ಸ್ ಅದೇ ವರ್ಷ ಸೂಚಿಸಿದರು. 1953ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾನಿಲಯವು ಸಂಖ್ಯಾತ್ಮಕ ವಿಶ್ಲೇಷಣೆ ಮತ್ತು ಸ್ವಯಂಚಾಲಿತ ಗಣನೆಯಲ್ಲಿ ಒಂದು ವರ್ಷದ ಡಿಪ್ಲೊಮಾವನ್ನು ಆರಂಭಿಸಿತು. ಏಳು ವರ್ಷಗಳ ಹಿಂದೆ ಆಹ್ವಾನಿತರಿಗೆ ಮಾತ್ರ ದೊರೆತಿದ್ದ ಪಾಠವು ಹೀಗೆ ಪದವೀಧರರು ಅರ್ಜಿ ಹಾಕಿ ಸೇರಬಹುದಾದ ವ್ಯಾಸಂಗವಾಯಿತು.

ಇಂದು ಎಲ್ಲೆಡೆ ಬೋಧಿಸಲ್ಪಡುವ 'ಗಣಕದ ಆರ್ಕಿಟೆಕ್ಚರ್' ಎಂಬ ಪದಕ್ಕೆ 1964ರ ಐಬಿಎಂ 360 ಯಂತ್ರಶ್ರೇಣಿಯು ಪ್ರಸಿದ್ಧಿಯನ್ನು ತಂದಿತು. ಬೆಲೆಯಲ್ಲೂ ಒಳಕಟ್ಟಿನಲ್ಲೂ ಭಿನ್ನವಾದ ಯಂತ್ರಗಳು ಒಂದೇ ಆದೇಶಗಳನ್ನು ಪಾಲಿಸಬೇಕೆಂಬುದು ಅದರ ತತ್ತ್ವ. ಆ ಶ್ರೇಣಿಯ ಬಹುಪಾಲು ಯಂತ್ರಗಳಲ್ಲಿ ಇದನ್ನು ಸಾಧ್ಯಗೊಳಿಸಿದುದು ವಿಲ್ಕ್ಸ್ ಅವರ ಸೂಕ್ಷ್ಮಕ್ರಮವಿಧಿಯೇ. ಭಾರತದಲ್ಲಿ ಈ ಶಿಕ್ಷಣವು ಕಾನ್ಪುರದ ಐಐಟಿಯಲ್ಲಿ 1960ರ ದಶಕದಲ್ಲಿ ನೆಲೆಗೊಂಡಾಗ, ಅದರ ಪ್ರವರ್ತಕರಲ್ಲಿ ಮುಖ್ಯರಾಗಿದ್ದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ವಿ. ರಾಜಾರಾಮನ್ ಅವರು.

ವಿವಾದದ ಕೊನೆ ಏನಾಯಿತು? 1964ರಲ್ಲಿ ಮಂಜೂರಾಗಿದ್ದ ಎನಿಯಾಕ್ ಪೇಟೆಂಟನ್ನು ಅಮೆರಿಕದ ನ್ಯಾಯಾಲಯವೊಂದು 1973ರ ಅಕ್ಟೋಬರ್ 19ರಂದು ಅಸಿಂಧುವೆಂದು ಸಾರಿತು. ಎಡ್‌ವ್ಯಾಕ್ ವರದಿಯು ಮೊದಲೇ ಹಂಚಿಕೆಯಾಗಿದ್ದುದು ಅದಕ್ಕೆ ಕೊಟ್ಟ ಕಾರಣಗಳಲ್ಲೊಂದು. ನಿರ್ಮಾಪಕರಿಗೆ ಇದರಿಂದ ನಷ್ಟವಾಯಿತೆಂಬುದನ್ನು ಮರೆಯಲಾಗದು. ವರದಿಯ ಮೇಲೆ ಅವರ ಹೆಸರು ಬಾರದೆ ಹೋದುದು ನ್ಯಾಯವೆಂದೂ ಹೇಳಲಾಗದು. ಆದರೆ ಕೈಯಿಂದ ಕೈಗೆ ಸಾಗಿದ ಆ ಪ್ರತಿ, ಆ ಎಂಟು ವಾರಗಳ ಪಾಠ, ಇವಿಲ್ಲದಿದ್ದರೆ ಕೇಂಬ್ರಿಜಿನಲ್ಲಿ ಎಡ್‌ಸ್ಯಾಕ್ ಅಷ್ಟು ಬೇಗ ಏಳುತ್ತಿರಲಿಲ್ಲ. ಎಕರ್ಟ್ ಮತ್ತು ಮಾಕ್ಲಿಯವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸುವಾಗ, ತಾವು ತೊರೆದ ಶಾಲೆಗೆ ಮರಳಿ ಬಂದು ಅವರು ಹೇಳಿದ ಪಾಠಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.