ಆಕರವೂ ರಾಜ್ಯವೂ: ಕನ್ನಡ ನಾಡಿನ ಗಣಿಗಳ ಚರಿತ್ರೆಯಲ್ಲಿ ಒಂದು ವಿಚಾರ

ಕೌಟಿಲ್ಯನ ಅರ್ಥಶಾಸ್ತ್ರವು ಬಹುಕಾಲ ಹೆಸರು ಮಾತ್ರದಿಂದ ವಿದಿತವಾಗಿದ್ದು, ಮೈಸೂರಿನ ಪ್ರಾಚ್ಯ ಪುಸ್ತಕಾಲಯದ ಆರ್. ಶಾಮಶಾಸ್ತ್ರಿಗಳ ಪರಿಶ್ರಮದಿಂದ 1909ರಲ್ಲಿ ಅಚ್ಚಾಗಿ ಹೊರಬಂದಿತೆಂಬುದು ವಿದ್ವಾಂಸರೆಲ್ಲರೂ ಬಲ್ಲ ಸಂಗತಿ. ಅದರ ಎರಡನೆಯ ಅಧಿಕರಣದಲ್ಲಿ ಆಕರಾಧ್ಯಕ್ಷನ ಕರ್ತವ್ಯಗಳನ್ನು ನಿರೂಪಿಸುವ ಒಂದು ಅಧ್ಯಾಯವುಂಟು. ಬೊಕ್ಕಸಕ್ಕೆ ಗಣಿಯೂ ಸೈನ್ಯಕ್ಕೆ ಬೊಕ್ಕಸವೂ ಮೂಲವೆಂಬುದು ಶಾಸ್ತ್ರಕಾರನ ಮತ. ವೆಚ್ಚವೂ ಪ್ರಯಾಸವೂ ಅಧಿಕವಾದ ಗಣಿಯನ್ನು ಪಾಲಿಗಾಗಲಿ ಗುತ್ತಿಗೆಗಾಗಲಿ ಅನ್ಯರಿಗೆ ಕೊಡತಕ್ಕದ್ದೆಂದೂ, ಸುಲಭವಾದುದನ್ನು ಅರಸನು ತಾನೇ ನಡೆಸತಕ್ಕದ್ದೆಂದೂ, ಗಣಿಯ ಪದಾರ್ಥವನ್ನು ಕದ್ದವನಿಂದ, ರತ್ನಗಳ ವಿಷಯವೊಂದನ್ನುಳಿದು, ಎಂಟುಪಟ್ಟು ವಸೂಲು ಮಾಡತಕ್ಕದ್ದೆಂದೂ ಆತನು ವಿಧಿಸುತ್ತಾನೆ. ಈ ವಿಧಿಗಳು ಒಂದು ಸಂಗತಿಯನ್ನು ಸಿದ್ಧವೆಂದೇ ಭಾವಿಸಿವೆ: ಗುತ್ತಿಗೆ ಕೊಡುವವನು ಗುತ್ತಿಗೆ ಹಿಡಿದವನಿಗಿಂತ ಬಲವಂತನು. ಆ ಬಲವು ತಪ್ಪಿದಲ್ಲಿ ರಾಜ್ಯಕ್ಕೆ ಏನಾಗುವುದೆಂಬುದೇ ಇಲ್ಲಿ ವಿಚಾರಣೀಯವಾದುದು. ಬ್ಯಾಟರಿಗಳಿಗೆ ಬೇಕಾದ ಕೋಬಾಲ್ಟು, ಲಿಥಿಯಂ ಮೊದಲಾದ ಧಾತುಗಳಿಗಾಗಿ ದೊಡ್ಡ ಕಂಪನಿಗಳು ದೇಶದೇಶಗಳನ್ನು ಅರಸುತ್ತಿರುವ ಈ ಕಾಲದಲ್ಲಿ ಇದು ಕೇವಲ ಗ್ರಂಥಸ್ಥ ಪ್ರಶ್ನೆಯಲ್ಲ.

ಮೊದಲ ನಿದರ್ಶನವು ಗುಂಡ್ಲುಪೇಟೆಯ ಗಡಿಗೆ ಸಮೀಪದ್ದು. ಮೈಸೂರಿನಿಂದ ಗುಂಡ್ಲುಪೇಟೆ, ಹಂಗಳ, ಬಂಡೀಪುರಗಳನ್ನು ಹಾದು ಗೂಡಲೂರಿಗೆ ಇಳಿಯುವ ದಾರಿಯ ಆಚೆ ಕೊನೆಯಲ್ಲಿ ದೇವಾಲ, ಪಂದಲೂರುಗಳೆಂಬ ಊರುಗಳಿವೆ. ವಯನಾಡಿನ ಆಗ್ನೇಯ ಭಾಗವಾದ ಆ ಸೀಮೆಯು ಇಂದು ನೀಲಗಿರಿ ಜಿಲ್ಲೆಗೆ ಸೇರಿದೆ. ಅಲ್ಲಿಯ ಬೆಣಚುಕಲ್ಲಿನಲ್ಲಿ ಚಿನ್ನವಿದೆಯೆಂದು ಆಸ್ಟ್ರೇಲಿಯದಿಂದ ಬಂದ ಬ್ರೌ ಸ್ಮಿತ್ ಎಂಬ ತಜ್ಞನು 1880ರಲ್ಲಿ ವರದಿಯನ್ನು ಕೊಟ್ಟನು. ಒಡನೆಯೇ ಲಂಡನ್ನಿನಲ್ಲಿ ಕಂಪನಿಯ ಮೇಲೆ ಕಂಪನಿ ಹುಟ್ಟಿತು. ಷೇರುಗಳ ಬೆಲೆ ಏರಿತು. ಕಾಡಿನ ನಡುವೆ ಯಂತ್ರಗಳು ಬಂದು ನಿಂತವು. ಆದರೆ ಕಲ್ಲಿನಿಂದ ಹೊರಟ ಚಿನ್ನವು ಕಾಗದದ ಮೇಲಿನ ಚಿನ್ನಕ್ಕೆ ಯಾವ ವಿಧದಲ್ಲಿಯೂ ಸಾಟಿಯಾಗಲಿಲ್ಲ. ಕೆಲವೇ ವರ್ಷಗಳಲ್ಲಿ ಎಲ್ಲವೂ ಕುಸಿಯಿತು. ನೆಲದೊಳಗಣ ಸಂಪತ್ತಿಗಿಂತ ಮೊದಲು ಅದರ ಸುದ್ದಿಯೇ ಮಾರಾಟವಾಗುವುದೆಂಬ ಪಾಠವು ಇಲ್ಲಿ ದೊರೆಯುತ್ತದೆ.

ಎರಡನೆಯದು ಕೋಲಾರದ್ದು. ಮೈಕೇಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕನಿಗೆ 1875ರಲ್ಲಿ ಅಲ್ಲಿ ಗಣಿಗಾರಿಕೆಯ ಸನ್ನದು ದೊರೆಯಿತು. 1831ರಿಂದ ಮೈಸೂರು ಸೀಮೆಯನ್ನು ಬ್ರಿಟಿಷ್ ಕಮಿಷನರುಗಳು ಆಳುತ್ತಿದ್ದುದನ್ನು ಇಲ್ಲಿ ಗಮನಿಸತಕ್ಕದ್ದು. 1881ರ ಮಾರ್ಚ್ 25ರಂದು ಚಾಮರಾಜೇಂದ್ರ ಒಡೆಯರಿಗೆ ರಾಜ್ಯವು ಮರಳಿ ಬರುವ ವೇಳೆಗೆ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆಯು ಆಗಲೇ ಅಲ್ಲಿ ಕಾಲೂರಿದ್ದಿತು. ಎಂದರೆ, ಅರಸನು ಸಿಂಹಾಸನವೇರುವ ಮೊದಲೇ ಅವನ ಆಕರವು ಕೈಬದಲಾಗಿದ್ದಿತು. ಮೈಸೂರಿನ ಬೊಕ್ಕಸಕ್ಕೆ ಬರುತ್ತಿದ್ದುದು ಮುಖ್ಯವಾಗಿ ನೂರಕ್ಕೆ ಐದರಂತೆ ರಾಜಧನ. ಈಗಿನ ಚಾಮರಾಜನಗರ ಜಿಲ್ಲೆಯ ಅಂಚಿನಲ್ಲಿರುವ ಶಿವನಸಮುದ್ರದಲ್ಲಿ ಕಾವೇರಿಯಿಂದ ಉತ್ಪನ್ನವಾದ ವಿದ್ಯುತ್ತು 1902ರಲ್ಲಿ ಮೊದಲು ಹರಿದುದು ಸುಮಾರು 92 ಮೈಲಿ ದೂರದ ಈ ಗಣಿಗಳಿಗೆ. ಬೆಂಗಳೂರು ನಗರಕ್ಕೆ ದೀಪ ಬಂದುದು 1905ರಲ್ಲಿ. ಈ ಕ್ರಮವೊಂದೇ ಅಂದಿನ ಬಲಾಬಲಗಳನ್ನು ತೋರಿಸುತ್ತದೆ. ಆದರೂ ವಿದ್ಯುತ್ತಿನ ಮಾರಾಟದಿಂದ ಸಂಸ್ಥಾನವು ಲಾಭವನ್ನು ಪಡೆದು, ಆ ಉದ್ಯಮವನ್ನು ತನ್ನ ಕೈಯಲ್ಲಿಯೇ ಇಟ್ಟುಕೊಂಡಿತೆಂಬುದನ್ನು ಮರೆಯಲಾಗದು.

ಕೋಲಾರದಲ್ಲಿ ರಾಜ್ಯಕ್ರಾಂತಿ ಆಗಲಿಲ್ಲ. ಚಕ್ರಾಧಿಪತ್ಯವೇ ಬೆಂಗಾವಲಾಗಿದ್ದಾಗ ಕಂಪನಿಗೆ ಅದರ ಅವಶ್ಯಕತೆಯೇ ಇರಲಿಲ್ಲ. ಕ್ಷೋಭೆಯು ಕೆಳಗಿನಿಂದ ಬಂದಿತು: 1930ರಲ್ಲಿ ಬೆರಳಚ್ಚಿನ ನೋಂದಣಿಯನ್ನು ವಿರೋಧಿಸಿ ಸಹಸ್ರಾರು ಕಾರ್ಮಿಕರು ಕೆಲಸವನ್ನು ನಿಲ್ಲಿಸಿದರು. ರಾಜ್ಯವು ಗಣಿಗಳನ್ನು ತನ್ನ ವಶಕ್ಕೆ ತೆಗೆದುಕೊಂಡುದು 1956ರ ನವೆಂಬರಿನಲ್ಲಿ. ಅಷ್ಟರಲ್ಲಿ ಶ್ರೇಷ್ಠವಾದ ಅದಿರಿನ ಬಹುಭಾಗವು ತೀರಿದ್ದಿತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದವು. ಒಟ್ಟು ಸುಮಾರು 800 ಟನ್ ಚಿನ್ನವನ್ನು ಕೊಟ್ಟ ಆ ಪಟ್ಟಣಕ್ಕೆ ಉಳಿದುದು ಸಯನೈಡ್ ಮಿಶ್ರಿತ ಮಣ್ಣಿನ ದಿಬ್ಬಗಳು.

ಚಕ್ರಾಧಿಪತ್ಯವು ಹಿಂದೆಗೆದಾಗ ಕಂಪನಿಯು ಏನು ಮಾಡಬಹುದೆಂಬುದಕ್ಕೆ ಆಫ್ರಿಕದ ಕಟಾಂಗ ಪ್ರಾಂತವು ಸಾಕ್ಷಿ. 1906ರಲ್ಲಿ ಸ್ಥಾಪಿತವಾದ ಯೂನಿಯನ್ ಮಿನಿಯೇರ್ ಎಂಬ ಬೆಲ್ಜಿಯಂ ಮೂಲದ ಕಂಪನಿಯು ಅಲ್ಲಿ ತಾಮ್ರವನ್ನೂ ಕೋಬಾಲ್ಟನ್ನೂ ತೆಗೆಯುತ್ತಿದ್ದಿತು. 1960ರ ಜೂನ್ 30ರಂದು ಕಾಂಗೋ ದೇಶವು ಸ್ವತಂತ್ರವಾಯಿತು. ಹನ್ನೊಂದೇ ದಿನಗಳಲ್ಲಿ ಕಟಾಂಗವು ಚೊಂಬೆಯ ನಾಯಕತ್ವದಲ್ಲಿ ತಾನು ಬೇರೆ ರಾಜ್ಯವೆಂದು ಸಾರಿತು. ಕಂಪನಿಯು ತನ್ನ ತೆರಿಗೆಯನ್ನು ಕಾಂಗೋ ಸರ್ಕಾರಕ್ಕೆ ಸಲ್ಲಿಸದೆ ಆ ಬಣಕ್ಕೆ ಸಲ್ಲಿಸಿತು. ಪ್ರಧಾನಿಯಾಗಿದ್ದ ಲುಮುಂಬಾ 1961ರ ಜನವರಿ 17ರಂದು ಆ ಪ್ರಾಂತದಲ್ಲಿಯೇ ಹತನಾದನು. ವಿಶ್ವಸಂಸ್ಥೆಯ ಪಡೆಯಲ್ಲಿ ಭಾರತದ ಸೈನಿಕರೂ ಅಲ್ಲಿ ಹೋರಾಡಿ ಪ್ರಾಣ ತೆತ್ತರು. 1963ರ ಜನವರಿಯಲ್ಲಿ ಪ್ರತ್ಯೇಕತೆಯು ಅಂತ್ಯಗೊಂಡಿತು. ಬೊಕ್ಕಸದಿಂದ ಸೈನ್ಯವೆಂಬ ಶಾಸ್ತ್ರವಾಕ್ಯಾರ್ಥವು ವಿಪರೀತ ರೀತಿಯಲ್ಲಿ ಸತ್ಯವಾಯಿತು: ಗಣಿಯ ಹಣವು ಯಾರಿಗೆ ಸಂದಿತೋ ಸೈನ್ಯವೂ ಅವರದೇ ಆಯಿತು. ಇಂದು ಜಗತ್ತಿನ ಕೋಬಾಲ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಕಾಂಗೋವಿನಿಂದಲೇ ಬರುತ್ತಿದ್ದರೂ ಆ ದೇಶದ ಪೂರ್ವಭಾಗದಲ್ಲಿ ಶಾಂತಿಯು ನೆಲೆಸಿಲ್ಲ.

ಇದು ಪರದೇಶದ ಮಾತೆಂದು ಕನ್ನಡಿಗರು ನಿಶ್ಚಿಂತರಾಗಿರುವಂತಿಲ್ಲ. ಕಬ್ಬಿಣದ ಅದಿರಿನ ಬೆಲೆಯು ಏರಿದಾಗ ಬಳ್ಳಾರಿ ಸೀಮೆಯಲ್ಲಿ ಹಿಡುವಳಿಯ ಗಡಿಯೂ ತೂಕದ ಲೆಕ್ಕವೂ ಪರವಾನಗಿಯೂ ಸಡಿಲವಾದುವು. 2011ರ ಜುಲೈ 27ರಂದು ಲೋಕಾಯುಕ್ತ ಸಂತೋಷ್ ಹೆಗ್ಡೆಯವರು ವರದಿಯನ್ನು ಒಪ್ಪಿಸಿದರು. 29ರಂದು ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯಲ್ಲಿ ಗಣಿಗಾರಿಕೆಯನ್ನು ತಡೆಯಿತು. 31ರಂದು ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಪದವಿಯನ್ನು ತ್ಯಜಿಸಿದರು. 2016ರಲ್ಲಿ ವಿಶೇಷ ನ್ಯಾಯಾಲಯವು ಅವರನ್ನು ಖುಲಾಸೆ ಮಾಡಿತೆಂಬುದನ್ನೂ ಹೇಳತಕ್ಕದ್ದೇ ನ್ಯಾಯ. ವ್ಯಕ್ತಿಗಳ ದೋಷಾದೋಷಗಳೇನೇ ಇರಲಿ, ನಾಲ್ಕೈದು ದಿನಗಳಲ್ಲಿ ಅದಿರು ಒಂದು ಸರ್ಕಾರದ ನಾಯಕತ್ವವನ್ನು ಬದಲಿಸಿತು. ಆದರೆ ಕಟಾಂಗದಲ್ಲಿ ನಿರ್ಣಯಿಸಿದುದು ಬಂದೂಕು. ಇಲ್ಲಿ ನಿರ್ಣಯಿಸಿದುದು ವರದಿಯೂ ನ್ಯಾಯಪೀಠವೂ. ಈ ಭೇದವು ಅಲ್ಪವಲ್ಲ.

ಈಗ ಸರದಿಯು ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣ ಪ್ರದೇಶದ್ದು. ಅಲ್ಲಿ 14,100 ಟನ್ ಲಿಥಿಯಂ ಇದೆಯೆಂದು 2020ರಲ್ಲಿ ಸುದ್ದಿಯಾಯಿತು. ಪರಮಾಣು ಖನಿಜ ನಿರ್ದೇಶನಾಲಯದ ಅನ್ವೇಷಣೆಯಂತೆ 2021ರಲ್ಲಿ ಸರ್ಕಾರವು ಪ್ರಕಟಿಸಿದ ಅಂದಾಜು 1,600 ಟನ್ ಮಾತ್ರ. ವಯನಾಡಿನ ಪಾಠವು ಇಲ್ಲಿ ಮತ್ತೆ ನೆನಪಿಗೆ ಬರುತ್ತದೆ. 2023ರ ಶಾಸನದ ತಿದ್ದುಪಡಿಯಿಂದ ಲಿಥಿಯಂ ಮೊದಲಾದ ಖನಿಜಗಳ ಹರಾಜಿನ ಅಧಿಕಾರವು ಕೇಂದ್ರ ಸರ್ಕಾರಕ್ಕೆ ಸಂದಿತು, ಆದಾಯವು ರಾಜ್ಯಕ್ಕೆ. ರಾಜಧನವು ತೆರಿಗೆಯಲ್ಲವೆಂದೂ, ಖನಿಜದ ಹಕ್ಕಿನ ಮೇಲೆ ತೆರಿಗೆ ವಿಧಿಸಲು ರಾಜ್ಯಗಳು ಸಮರ್ಥವೆಂದೂ ಸರ್ವೋಚ್ಚ ನ್ಯಾಯಾಲಯವು 2024ರ ಜುಲೈ 25ರಂದು ನಿರ್ಣಯಿಸಿತು. ಹೀಗೆ ಆಕರಾಧ್ಯಕ್ಷನ ಅಧಿಕಾರವು ಎರಡು ಕೈಗಳಿಗೆ ಹಂಚಿಹೋಗಿದೆ.

ಮೇಲ್ಕಂಡ ನಿದರ್ಶನಗಳಿಂದ ಫಲಿಸುವುದಿಷ್ಟು: ಗಣಿಯು ಸ್ವತಃ ರಾಜ್ಯವನ್ನು ಕೆಡಿಸುವುದಿಲ್ಲ, ಕಂಪನಿಯೆಲ್ಲವೂ ದ್ರೋಹಿಯಲ್ಲ. ಸನ್ನದು ಬರೆಯುವ ದಿನ ಕೊಡುವವನು ದುರ್ಬಲನಾಗಿದ್ದರೆ ಕೋಲಾರ. ಹಣ ಸಲ್ಲುವ ದಿನ ಅವನು ದುರ್ಬಲನಾಗಿದ್ದರೆ ಕಟಾಂಗ. ತೂಗುವ ದಿನ ಅವನು ಕಣ್ಣು ಮುಚ್ಚಿದ್ದರೆ ಬಳ್ಳಾರಿ. ಮರಳಗಾಲದಲ್ಲಿ ಈ ಮೂರು ದಿನಗಳೂ ಇನ್ನು ಬರಬೇಕಾಗಿವೆ. ಅಳತೆಗೆ ಮೊದಲೇ ಆಸೆಯನ್ನು ಮಾರದಿರುವುದೂ, ಆ ನೆಲದ ರೈತನನ್ನು ಲೆಕ್ಕದಿಂದ ಹೊರಗಿಡದಿರುವುದೂ ಇಂದಿನ ಆಕರಾಧ್ಯಕ್ಷರ ಮೊದಲ ಕರ್ತವ್ಯವೆಂದು ಚರಿತ್ರೆಯು ಹೇಳುತ್ತದೆ.