ಅಭಿನಯ

‘ಅಭಿನಯ’ ಸಂಸ್ಕೃತದಿಂದ ಬಂದ ಪದ. ‘ಅಭಿ’ ಎಂದರೆ ಎದುರಿಗೆ, ‘ನೀ’ ಧಾತುವಿಗೆ ಒಯ್ಯು ಎಂಬ ಅರ್ಥ. ಪ್ರಯೋಗದ ಅರ್ಥವನ್ನು ನೋಡುಗರ ಬಳಿಗೆ ಒಯ್ಯುವುದೇ ಅಭಿನಯ ಎಂದು ಭರತನ ‘ನಾಟ್ಯಶಾಸ್ತ್ರ’ ಬಿಡಿಸಿ ಹೇಳುತ್ತದೆ. ಕಲೆಯ ಉದ್ದೇಶವೆಲ್ಲ ಈ ವ್ಯುತ್ಪತ್ತಿಯಲ್ಲೇ ಅಡಗಿದೆ: ನಟನ ಅಳು ಸಭೆಯ ಎದೆಗೆ ತಲುಪಬೇಕು, ಅಲ್ಲಿ ರಸ ಹುಟ್ಟಬೇಕು.

ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ಅಭಿನಯ 4 ಬಗೆ. ಮೈ, ಮಾತು, ವೇಷಗಳನ್ನು ಅಭ್ಯಾಸದಿಂದ ಪಳಗಿಸಬಹುದು. ಕಂಬನಿ, ರೋಮಾಂಚ, ನಡುಗುವ ದನಿಯ ಸಾತ್ತ್ವಿಕಕ್ಕೆ ಮನಸ್ಸೇ ಪಾತ್ರದಲ್ಲಿ ನೆಲೆಸಬೇಕು. ಅತ್ಯಂತ ಕಷ್ಟದ್ದೂ ಅತ್ಯಂತ ಬೆಲೆಯುಳ್ಳದ್ದೂ ಅದೇ. ಕುಳಿತು ಆಡುವ ಯಕ್ಷಗಾನವಾದ ತಾಳಮದ್ದಳೆ ಇದಕ್ಕೆ ಸಾಕ್ಷಿ: ಕರಾವಳಿ, ಮಲೆನಾಡಿನ ಈ ಕಲೆಯಲ್ಲಿ ಕಿರೀಟವಿಲ್ಲ, ಬಣ್ಣವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡಿ ನಿಲ್ಲಿಸುತ್ತಾರೆ. ಪಂಚೆಯುಟ್ಟು ಕುಳಿತ ಅರ್ಥಧಾರಿ ಬರೀ ಮಾತಿನಿಂದ ಕರ್ಣನಾಗುತ್ತಾನೆ, ಕುಂತಿಯೆದುರು ಅವನ ದನಿ ಕಟ್ಟುತ್ತದೆ.

ಕನ್ನಡದ ಬಳಕೆಯಲ್ಲಿ ‘ಅಭಿನಯ’ ಎಂಬ ಪದಕ್ಕೆ ಗೌರವ ಹೆಚ್ಚು. ‘ಅವನದೆಲ್ಲ ನಾಟಕ’, ‘ಬರೀ ನಟನೆ’ ಎಂದರೆ ಬೈಗುಳ. ಅಂಥ ಕಡೆ ‘ಅಭಿನಯ’ ಬರುವುದು ಅಪರೂಪ. ‘ರಾಜ್‌ಕುಮಾರ್ ಅಭಿನಯದ ಬೇಡರ ಕಣ್ಣಪ್ಪ’ ಎಂಬಂತೆ ಸಿನಿಮಾ ಬರಹದಲ್ಲೂ ಅದು ನೆಲೆಯೂರಿದೆ.