ಮಾಂಸದ ಹೋರಿಗಳ ಕೊಬ್ಬಿಸುವಿಕೆ: ಮೇವು ಮತ್ತು ಹಾರ್ಮೋನು

ಬೀಜ ಒಡೆದ ಹೋರಿಗಳನ್ನು ಮಾಂಸಕ್ಕೆ ಕಳುಹಿಸುವ ಮುನ್ನ ಸುಮಾರು ನಾಲ್ಕರಿಂದ ಆರು ತಿಂಗಳು ಧಾನ್ಯ ತಿನ್ನಿಸಿ ಬಲಿಸುವ ಪದ್ಧತಿಯಿದೆ. ಅಮೆರಿಕದ ಟೆಕ್ಸಾಸ್, ನೆಬ್ರಾಸ್ಕ, ಕ್ಯಾನ್ಸಸ್ ರಾಜ್ಯಗಳ ಫೀಡ್‌ಲಾಟ್‌ಗಳು, ಅಂದರೆ ಜಾನುವಾರು ಕೊಬ್ಬಿಸುವ ದೊಡ್ಡಿಗಳು, ಇದಕ್ಕೆ ಹೆಸರುವಾಸಿ. ಹುಲ್ಲುಗಾವಲಿನಿಂದ ಸುಮಾರು 350 ಕಿಲೋ ತೂಗುತ್ತ ಬರುವ ಹೋರಿ 600 ಕಿಲೋ ದಾಟಿ ಹೊರಡುತ್ತದೆ.

ಅಂತಿಮ ಮೇವಿನಲ್ಲಿ ಹವೆಯಲ್ಲಿ ಬೇಯಿಸಿ ಚಪ್ಪಟೆಯಾಗಿಸಿದ ಮೆಕ್ಕೆಜೋಳದ್ದೇ ಸಿಂಹಪಾಲು. ಜೊತೆಗೆ ಎಥನಾಲ್ ಕಾರ್ಖಾನೆಗಳ ಧಾನ್ಯದ ಚರಟ, ಖನಿಜ, ಒಂದಿಷ್ಟು ಒಣಹುಲ್ಲು ಅಥವಾ ರಸಮೇವು. ಧಾನ್ಯವನ್ನು ಒಮ್ಮೆಲೇ ಸುರಿದರೆ ಮೆಲುಕುಚೀಲದಲ್ಲಿ ಆಮ್ಲ ಹೆಚ್ಚಿ ಪ್ರಾಣಕ್ಕೇ ಕುತ್ತು. ಹಾಗಾಗಿ ಸುಮಾರು ಮೂರು ವಾರಗಳಲ್ಲಿ ಹಂತಹಂತವಾಗಿ ರೂಢಿ ಮಾಡಿಸುತ್ತಾರೆ. 1970ರ ದಶಕದಿಂದ ಬಳಕೆಯಲ್ಲಿರುವ ಮೊನೆನ್ಸಿನ್ ಎಂಬ ಔಷಧ ಮೆಲುಕುಚೀಲದ ಸೂಕ್ಷ್ಮಜೀವಿಗಳ ಸಮತೋಲ ಬದಲಿಸಿ, ಕಡಿಮೆ ಮೇವಿನಲ್ಲಿ ಅಷ್ಟೇ ತೂಕ ಬರುವಂತೆ ಮಾಡುತ್ತದೆ.

ಹಾರ್ಮೋನನ್ನು ಸಾಮಾನ್ಯವಾಗಿ ಕಿವಿಯ ಹಿಂಬದಿಯ ಚರ್ಮದಡಿ ಗುಳಿಗೆಯಾಗಿ ಹುದುಗಿಸುತ್ತಾರೆ. ಎಸ್ಟ್ರಡಯೋಲ್, ಟ್ರೆನ್‌ಬೊಲೋನ್ ಅಸಿಟೇಟ್ ತಿಂಗಳುಗಟ್ಟಲೆ ನಿಧಾನವಾಗಿ ರಕ್ತಕ್ಕೆ ಸೇರುತ್ತ ಸ್ನಾಯುವಿನ ಬೆಳವಣಿಗೆಯನ್ನು ಹುರಿದುಂಬಿಸುತ್ತವೆ. ದಿನದ ತೂಕಗಳಿಕೆ ಶೇ. 10ರಿಂದ 20ರಷ್ಟು ಏರಬಹುದು. ಆದರೆ ಮಾಂಸದೊಳಗಿನ ಕೊಬ್ಬಿನ ಎಳೆಗಳು ಕಡಿಮೆಯಾಗಿ ದರ್ಜೆ ಕುಸಿಯುವ ಸಾಧ್ಯತೆಯೂ ಇದೆ.

ಅಯೋವಾದ ವಿಜ್ಞಾನಿ ವೈಸ್ ಬರೋಸ್ ಅವರ ಪ್ರಯೋಗಗಳ ಬೆನ್ನಿಗೆ 1954ರಲ್ಲಿ ಡಿಇಎಸ್ ಎಂಬ ಕೃತಕ ಹಾರ್ಮೋನನ್ನು ಮೇವಿಗೆ ಬೆರೆಸಲು ಅನುಮತಿ ಸಿಕ್ಕಿತು. ಕ್ಯಾನ್ಸರ್ ಭೀತಿಯಿಂದ 1979ರಲ್ಲಿ ಅಮೆರಿಕ ಅದನ್ನು ಜಾನುವಾರುಗಳಿಗೆ ನಿಷೇಧಿಸಿತು. ಈಗಿನ ಗುಳಿಗೆಗಳನ್ನು ಅಮೆರಿಕದ ನಿಯಂತ್ರಕರು ಸುರಕ್ಷಿತವೆನ್ನುತ್ತಾರೆ. ಯುರೋಪ್ ಮಾತ್ರ ಹಾರ್ಮೋನು ಕೊಟ್ಟ ಜಾನುವಾರುಗಳ ಮಾಂಸದ ಆಮದನ್ನು 1989ರಿಂದ ತಡೆದಿದೆ.